ಮಲ್ಲಿಗೆಗೆ ಬಿಡುವ ಮದ್ದು, ಮನೆಯಲ್ಲಿ ಬಸುರಿ ಸೊಸೆ: ಇಲಿಗಳ ಪ್ರಯೋಗವನ್ನು ನಾವು ಎಷ್ಟು ಲೆಕ್ಕಕ್ಕೆ ತಗೊಳ್ಬೇಕು?

ಶಂಕರಪುರದ ಮಲ್ಲಿಗೆಮನೆ · ಜುಲೈ 8, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಶಂಕರಪುರದ ಹತ್ತಿರ. ಮನೆಯ ಸುತ್ತ ಅರುವತ್ತು ಮಲ್ಲಿಗೆ ಗಿಡ ಉಂಟು. ಮಳೆ ಹಿಡಿದ ಮೇಲೆ ಎಲೆಯಲ್ಲಿ ಕಂದು ಚುಕ್ಕೆ ಬಿದ್ದು ಉದುರ್ಲಿಕ್ಕೆ ಸುರುವಾಯ್ತು. ಅಂಗಡಿಯಲ್ಲಿ ಕೊಟ್ಟ ಪುಡಿಯನ್ನು ಮಗ ಎರಡು ಸಲ ಬಿಟ್ಟ. ಪೊಟ್ಟಣದ ಮೇಲೆ ಕಾರ್ಬೆಂಡಜಿಮ್ 12%, ಮ್ಯಾಂಕೋಜೆಬ್ 63% ಅಂತ ಬರೆದಿದೆ.

ಸೊಸೆಗೆ ಈಗ ಮೂರು ತಿಂಗಳು. ಬೆಳಿಗ್ಗೆ ಮೊಗ್ಗು ಕೊಯ್ಯುವುದು ನಾನು, ಕೂತು ಕಟ್ಟುವುದು ಅವಳು. ಬಾಳೆನಾರಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕಟ್ಟುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಉಂಟು. ಮೊನ್ನೆ ಅವಳ ತಂಗಿ, ಬಿ.ಎಸ್ಸಿ. ಓದುವವಳು, ಬಂದವಳು ಪೊಟ್ಟಣ ನೋಡಿ "ಅಕ್ಕ, ಇಂಥದ್ದನ್ನು ಗಬ್ಬದ ಇಲಿಗಳಿಗೆ ಕೊಟ್ಟು ನೋಡಿದ್ದಾರೆ, ಮರಿಗಳಲ್ಲಿ ದೋಷ ಕಂಡಿದೆ" ಅಂದಳು. ಅವತ್ತಿನಿಂದ ಸೊಸೆಗೆ ನಿದ್ದೆ ಇಲ್ಲ. ಮಗನ ಹತ್ತಿರ ಮಾತೂ ಕಡಿಮೆ ಮಾಡಿದ್ದಾಳೆ. ಅವನು ಬೇಕಂತ ಮಾಡಿದ್ದಲ್ಲ, ಪಾಪ.

ನನಗೆ ಎರಡೇ ಗೊತ್ತಾಗಬೇಕು. ಬೂಸ್ಟು ಕೊಲ್ಲುವ ಮದ್ದು ಹೊಟ್ಟೆಯೊಳಗಿನ ಮಗುವಿಗೆ ಯಾಕೆ ತಾಗಬೇಕು? ಇಲಿಗೆ ಆದದ್ದು ನಮಗೂ ಆಗ್ತದಾ? ಗೊತ್ತಿದ್ದವರು ದಯಮಾಡಿ ಹೇಳಿ.

ಕುಂದಾಪುರದ ಹುಡುಗ · ಜುಲೈ 8, ರಾತ್ರಿ 9:32

ಅಮ್ಮ, ಹೆದರ್ಬೇಡಿ. ನಮ್ಮ ಅಜ್ಜಿ ಪ್ರತಿ ವರ್ಷ ಮೈಲುತುತ್ತು, ಸುಣ್ಣ ಕೈಯಲ್ಲೇ ಕಲಸಿ ಕೊಡ್ತಿದ್ರು. ಅವರಿಗೆ ಎಂಟು ಮಕ್ಕಳು, ಎಲ್ಲರೂ ಗಟ್ಟಿ ಇದ್ದಾರೆ.

ಪ್ರಯೋಗಾಲಯದವಳು · ಜುಲೈ 8, ರಾತ್ರಿ 11:05

ಅಮ್ಮ, ನಾನು ಆರು ವರ್ಷ ಇಲಿ ಮೊಲಗಳ ಮೇಲೆ ವಿಷಪರೀಕ್ಷೆ ಮಾಡುವ ಕಡೆ ಕೆಲಸ ಮಾಡಿದ್ದೇನೆ. ಈಗ ದೇರಳಕಟ್ಟೆಯಲ್ಲಿ ಪಾಠ ಮಾಡುತ್ತೇನೆ. ಸೊಸೆಗೆ ಮೊದಲು ಇಷ್ಟು ಹೇಳಿ: ಗಂಡ ಎರಡು ಸಲ ಗಿಡಕ್ಕೆ ಮದ್ದು ಬಿಟ್ಟದ್ದರಿಂದ ಮಗುವಿಗೆ ತೊಂದರೆ ಆಗಿಯೇ ತೀರುತ್ತದೆ ಎಂದು ಇಲಿಯ ಯಾವ ಪ್ರಯೋಗವೂ ಹೇಳುವುದಿಲ್ಲ. ಈ ಎರಡು ಪುಡಿಗಳೂ ಚರ್ಮದ ಮೂಲಕ ಒಳಗೆ ಇಳಿಯುವುದು ಬಹಳ ಕಡಿಮೆ. ಉಸಿರಿನ ದಾರಿ, ಬಾಯಿಯ ದಾರಿ ಹಾಗಲ್ಲ. ಹಾಗಾಗಿ ಆ ನಾರನ್ನು ಹಲ್ಲಲ್ಲಿ ಕಚ್ಚುವುದನ್ನು ನಾಳೆ ಬೆಳಿಗ್ಗೆಯಿಂದಲೇ ಬಿಡಿಸಿ. ಉಳಿದದ್ದನ್ನು ನಿಧಾನ ಮಾತಾಡೋಣ.

ಮೈಲುತುತ್ತಿನ ಬಗ್ಗೆ ಬರೆದ ತಮ್ಮನಿಗೆ: ಅದು ತಾಮ್ರ. ಕಣ್ಣು, ಚರ್ಮ, ಶ್ವಾಸಕೋಶಕ್ಕೆ ಅದರಿಂದ ತೊಂದರೆ ಉಂಟು. ಆದರೆ ಇಲ್ಲಿ ಕೇಳಿದ ಮದ್ದುಗಳು ಬೇರೆ ಜಾತಿಯವು. ಅಜ್ಜಿಯ ಎಂಟು ಮಕ್ಕಳು ಇವುಗಳಿಗೆ ಸಾಕ್ಷಿ ಆಗುವುದಿಲ್ಲ.

ಬೂಸ್ಟಿನ ಮದ್ದು ಮಗುವಿಗೆ ಯಾಕೆ ತಾಗಬೇಕು ಎಂದು ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಒಂದು ದಾರಿ ಹಾರ್ಮೋನು. ಬೂಸ್ಟು ಗಿಡಕ್ಕಿಂತ ನಮಗೇ ಹತ್ತಿರದ ನೆಂಟ. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇರುವಂತೆ ಅದರ ಪೊರೆಯಲ್ಲಿ ಎರ್ಗೋಸ್ಟೆರಾಲ್ ಇರುತ್ತದೆ. ಅಡಿಕೆಗೆ, ಭತ್ತಕ್ಕೆ ಬಿಡುವ ಪ್ರೊಪಿಕೊನಜೋಲ್, ಟೆಬುಕೊನಜೋಲ್, ಹೆಕ್ಸಾಕೊನಜೋಲ್, ಹೀಗೆ 'ಅಜೋಲ್' ಅಂತ ಮುಗಿಯುವ ಹಲವು ಮದ್ದುಗಳು, ಆ ಎರ್ಗೋಸ್ಟೆರಾಲ್ ತಯಾರಿಸುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಅದು ಸೈಟೋಕ್ರೋಮ್ ಪಿ450 ಎಂಬ ಕುಟುಂಬದ್ದು. ನಮ್ಮ ದೇಹದಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು, ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತಯಾರಿಸುವ ಮುಖ್ಯ ಕಿಣ್ವಗಳಲ್ಲಿ ಹಲವು ಅದೇ ಕುಟುಂಬದವು. ಅಣ್ಣನ ಮನೆಯ ಬೀಗಕ್ಕೆ ಮಾಡಿಸಿದ ಕೀಲಿಕೈ ತಮ್ಮನ ಮನೆಯ ಬೀಗಕ್ಕೂ ಅರ್ಧ ಕೂತ ಹಾಗೆ.

ನಿಮ್ಮ ಪೊಟ್ಟಣದ ಎರಡು ಪುಡಿಗಳು ಅಜೋಲ್ ಅಲ್ಲ, ಅವುಗಳ ದಾರಿ ಬೇರೆ. ನಾಳೆ ಬರೆಯುತ್ತೇನೆ.

ಉಡುಪಿ ಔಷಧದಂಗಡಿ · ಜುಲೈ 9, ಬೆಳಿಗ್ಗೆ 7:40

ಮೇಡಂ ಹೇಳಿದ್ದಕ್ಕೆ ನಮ್ಮ ಅಂಗಡಿಯಲ್ಲೇ ಸಾಕ್ಷಿ ಉಂಟು. ಮಕ್ಕಳಾಗಲಿಕ್ಕೆ ಚಿಕಿತ್ಸೆ ತೆಗೆದುಕೊಳ್ಳುವವರಿಗೆ, ಸ್ತನ ಕ್ಯಾನ್ಸರಿನವರಿಗೆ ಬರೆದುಕೊಡುವ ಲೆಟ್ರೊಜೋಲ್ ಕೂಡ ಟ್ರೈಯಜೋಲ್, ಅಂದರೆ ಆ ಅಜೋಲ್ ಜಾತಿಯದ್ದೇ. ಅದರ ಕೆಲಸವೇ ಅರೋಮಟೇಸ್ ಎಂಬ ಕಿಣ್ವವನ್ನು ತಡೆದು ಈಸ್ಟ್ರೋಜನ್ ಇಳಿಸುವುದು. ಹಾಗೆಯೇ ಬೂಸ್ಟಿಗೆ ಕೊಡುತ್ತಿದ್ದ ಕೀಟೊಕೊನಜೋಲ್ ಮಾತ್ರೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಇಳಿಯುತ್ತದೆ. ಮನುಷ್ಯರಲ್ಲೇ ಗೊತ್ತಾದ ಸಂಗತಿ ಇದು. ಹಾಗಾಗಿ "ಇಲಿಗೆ ಮಾತ್ರ" ಅಂತ ಪೂರ್ತಿ ತಳ್ಳಿಹಾಕುವ ಹಾಗೆ ಇಲ್ಲ.

ವಿಟ್ಲ ಅಡಿಕೆ ತೋಟ · ಜುಲೈ 9, ಬೆಳಿಗ್ಗೆ 10:15

ಚರ್ಚೆ ಒಳ್ಳೆಯದೇ. ಆದರೆ ತೋಟ ಮಾಡುವವನ ಕಷ್ಟವೂ ಇಲ್ಲಿ ಬರಲಿ. ಎಲೆಚುಕ್ಕಿ ರೋಗ ಬಂದ ಮೇಲೆ ಸೋಗೆ ಒಣಗಿ ಒಣಗಿ ಮರವೇ ಸೊರಗ್ತದೆ. ಪ್ರೊಪಿಕೊನಜೋಲ್ ಲೀಟರಿಗೆ ಒಂದು ಎಂಎಲ್ ಹಾಕಿ ಬಿಡಿ ಅಂತ ತಜ್ಞರೇ ಹೇಳಿದ್ದು. ಯುರೋಪಿನವರು ಅದಕ್ಕೆ 2018ರಲ್ಲಿ, ಮ್ಯಾಂಕೋಜೆಬಿಗೆ 2020ರಲ್ಲಿ ಒಪ್ಪಿಗೆ ನಿಲ್ಲಿಸಿದರು ಅಂತ ನಾನೂ ಓದಿದ್ದೇನೆ. ಅವರಿಗೆ ಅಡಿಕೆ ಇಲ್ಲ, ನಮ್ಮ ಮಳೆಯೂ ಇಲ್ಲ. ನಾವು ಎಂತ ಮಾಡುವುದು?

ಬೆಳ್ತಂಗಡಿ ಮಾಷ್ಟ್ರು · ಜುಲೈ 9, ಬೆಳಿಗ್ಗೆ 10:50

ತಜ್ಞರು ಹೇಳಿದ್ದು ಅಂತ ಕಣ್ಣು ಮುಚ್ಚಿ ನಂಬುವ ಸ್ಥಿತಿಯಲ್ಲಿ ನಮ್ಮ ಊರಿನವರು ಇಲ್ಲ, ಭಾವ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದಾಗಲೂ "ಏನೂ ಆಗುವುದಿಲ್ಲ" ಅಂದಿದ್ದರು. ಕೊಕ್ಕಡ, ಪಟ್ರಮೆ ಕಡೆ ಹೋಗಿ ನೋಡಿ, ಮೂವತ್ತು ದಾಟಿದ ಮಗನಿಗೆ ಇವತ್ತಿಗೂ ತಾಯಿ ಊಟ ಮಾಡಿಸುತ್ತಿರುವ ಮನೆಗಳಿವೆ. ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2011ರಲ್ಲಿ. ಅಷ್ಟರೊಳಗೆ ಒಂದು ತಲೆಮಾರು ಹೋಯಿತು. ನಾನು ಪಾಠ ಮಾಡಿದ ಮಕ್ಕಳೇ ಅದರಲ್ಲಿದ್ದಾರೆ.

ಪ್ರಯೋಗಾಲಯದವಳು · ಜುಲೈ 9, ರಾತ್ರಿ 10:20

ಮಾಷ್ಟ್ರೇ, ಎಂಡೋಸಲ್ಫಾನ್ ಕೀಟನಾಶಕ. ಈ ಮದ್ದುಗಳ ರಾಸಾಯನಿಕ ಗುಣ ಅದರದ್ದಲ್ಲ, ಎರಡನ್ನೂ ಒಂದೇ ಅಂತ ಹೇಳಲಾರೆ. ಆದರೆ "ಸಾಬೀತಾಗುವವರೆಗೆ ಕಾಯಿರಿ" ಎಂದವರನ್ನು ನಂಬಿ ನಾವು ಕಳೆದುಕೊಂಡದ್ದು ನಿಜ. ಇಲಿಯ ಪ್ರಯೋಗ ಇರುವುದೇ ಹಾಗೆ ಕಾಯುವುದು ತಪ್ಪಲಿ ಅಂತ.

ಆ ಪ್ರಯೋಗ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲಿಯ ಗಬ್ಬ ಇರುವುದು ಸುಮಾರು 22 ದಿನ. ಗಬ್ಬ ಕಟ್ಟಿದ ಇಲಿಗಳನ್ನು ನಾಲ್ಕು ಗುಂಪು ಮಾಡುತ್ತೇವೆ. ಒಂದಕ್ಕೆ ಮದ್ದೇ ಇಲ್ಲ. ಉಳಿದ ಮೂರಕ್ಕೆ ಕಡಿಮೆ, ನಡು, ಹೆಚ್ಚು ಅಂತ ದಿನಾ ತೂಕಕ್ಕೆ ತಕ್ಕಷ್ಟು, ಗಂಟಲಿಗೆ ಸಣ್ಣ ನಳಿಗೆ ಇಳಿಸಿ ಕೊಡುತ್ತೇವೆ. ಹೆರಿಗೆಗೆ ಒಂದು ದಿನ ಇರುವಾಗ ಗರ್ಭಕೋಶ ತೆರೆದು ನೋಡುತ್ತೇವೆ. ಎಷ್ಟು ಭ್ರೂಣ ನೆಲೆ ನಿಂತಿತ್ತು, ಎಷ್ಟು ಕರಗಿಹೋಯಿತು, ಮರಿಯ ತೂಕ ಎಷ್ಟು, ಎಲುಬು ಸರಿ ಕೂಡಿದೆಯಾ, ಎಲ್ಲ ಎಣಿಸಿ ಬರೆಯುತ್ತೇವೆ. ಒಂದೊಂದು ಮರಿಯೂ ಹೆಬ್ಬೆರಳ ತುದಿಯಷ್ಟು. ಆ ಕೆಲಸ ಮಾಡಿದ ದಿನ ಮನೆಗೆ ಬಂದು ಊಟ ಸೇರುತ್ತಿರಲಿಲ್ಲ ನನಗೆ. ಅವುಗಳ ಜೀವದಿಂದ ಸಿಕ್ಕಿದ ಮಾತನ್ನು ನಾವು ಓದದೆ ಬಿಡಬಾರದು ಅನ್ನುವುದು ಅಲ್ಲಿಂದಲೇ ನನ್ನಲ್ಲಿ ಕೂತದ್ದು.

ಇನ್ನೊಂದು ಅಳತೆ ಉಂಟು: ಗುದ ಮತ್ತು ಜನನಾಂಗದ ನಡುವಿನ ಅಂತರ. ಗಂಡು ಮರಿಯಲ್ಲಿ ಅದು ಹೆಣ್ಣಿನದ್ದಕ್ಕಿಂತ ಸುಮಾರು ಎರಡು ಪಟ್ಟು. ಗರ್ಭದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟು ಕೆಲಸ ಮಾಡಿದೆಯಾ ಎನ್ನುವುದಕ್ಕೆ ಅದು ಗುರುತು. ಈ ಪರೀಕ್ಷೆಯ ಅಂತಾರಾಷ್ಟ್ರೀಯ ನಿಯಮಕ್ಕೆ, ಅಂದರೆ ಒಇಸಿಡಿ 414ಕ್ಕೆ, ಈ ಅಳತೆಯನ್ನೂ ತಾಯಿ ಇಲಿಯ ಥೈರಾಯ್ಡ್ ಹಾರ್ಮೋನ್ ಪರೀಕ್ಷೆಯನ್ನೂ ಸೇರಿಸಿದ್ದು 2018ರಲ್ಲಿ ಮಾತ್ರ. ಅದಕ್ಕೂ ಮೊದಲು ಒಪ್ಪಿಗೆ ಪಡೆದ ಎಷ್ಟೋ ಮದ್ದುಗಳಲ್ಲಿ ಈ ಅಧ್ಯಯನ ನಡೆದಾಗ ಇದನ್ನು ಅಳೆಯಬೇಕಾದ ಕಡ್ಡಾಯ ಇರಲಿಲ್ಲ.

ಈ ಅಳತೆಯ ಬೆಲೆ ತೋರಿಸಿದ್ದು ವಿಂಕ್ಲೊಜೊಲಿನ್ ಎಂಬ ಶಿಲೀಂಧ್ರನಾಶಕ. ಅಮೆರಿಕದ ಪರಿಸರ ಸಂಸ್ಥೆಯ ಅರ್ಲ್ ಗ್ರೇ ಮತ್ತು ಜೊತೆಗಾರರು 1994ರಲ್ಲಿ ಗಬ್ಬದ 14ನೇ ದಿನದಿಂದ ಮರಿ ಹುಟ್ಟಿದ ಮೂರನೇ ದಿನದವರೆಗೆ ತಾಯಿ ಇಲಿಗೆ ಕಿಲೋ ತೂಕಕ್ಕೆ 100, 200 ಮಿ.ಗ್ರಾಂ ಕೊಟ್ಟರು. ಹುಟ್ಟಿದ ಗಂಡು ಮರಿಗಳಲ್ಲಿ ಆ ಅಂತರ ಹೆಣ್ಣಿನಷ್ಟೇ ಇತ್ತು. ಗಂಡಿಲಿಗೆ ಇರಬಾರದ ಮೊಲೆತೊಟ್ಟು ಉಳಿದಿತ್ತು, ಮೂತ್ರದ್ವಾರ ಜಾಗ ತಪ್ಪಿತ್ತು. ತಾಯಿ ತಿಂದು ಉಂಡು ಚೆನ್ನಾಗಿಯೇ ಇತ್ತು. 50 ಕಿಲೋ ಹೆಂಗಸಿಗೆ 100 ಮಿ.ಗ್ರಾಂ ಲೆಕ್ಕ ಹಾಕಿದರೆ ದಿನಕ್ಕೆ 5 ಗ್ರಾಂ ನುಂಗಬೇಕು, ಯಾರೂ ನುಂಗುವುದಿಲ್ಲ. ಆದರೆ ಅದೇ ತಂಡ 1999ರಲ್ಲಿ ಪ್ರಮಾಣ ಇಳಿಸುತ್ತಾ ಹೋದಾಗ ಕಿಲೋಗೆ 3.125 ಮಿ.ಗ್ರಾಂನಲ್ಲೂ ಅಂತರ ಕಡಿಮೆಯಾದದ್ದು ಕಂಡಿತು. 50 ಕಿಲೋಗೆ ಅದು ಒಂದು ಚಿಟಿಕೆ.

ಮಂಗಳೂರು ವಿದ್ಯಾರ್ಥಿನಿ · ಜುಲೈ 9, ರಾತ್ರಿ 10:48

ಮೇಡಂ, ನಾನೇ ಆ ತಂಗಿ. ಅಕ್ಕನನ್ನು ಹೆದರಿಸಬೇಕು ಅಂತ ಹೇಳಿದ್ದಲ್ಲ, ಕ್ಷಮಿಸಿ ಅತ್ತೆ. ವಿಂಕ್ಲೊಜೊಲಿನ್ ಕೊಟ್ಟ ಇಲಿಯ ಮೊಮ್ಮಕ್ಕಳ ಮಕ್ಕಳಲ್ಲೂ ವೀರ್ಯದ ತೊಂದರೆ ಕಂಡಿತು ಅಂತ ಓದಿದ್ದೆ. ಅದಕ್ಕೆ ಹೆದರಿದ್ದು.

ಪ್ರಯೋಗಾಲಯದವಳು · ಜುಲೈ 9, ರಾತ್ರಿ 11:15

ನೀನು ಓದಿದ್ದು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು ಮಗ. ನಾಲ್ಕು ತಲೆಮಾರಿನವರೆಗೆ ಪರಿಣಾಮ ಕಂಡಿತು ಎಂದು ಅದರಲ್ಲಿ ಇತ್ತು. ಅಲ್ಲಿ ಮದ್ದನ್ನು ಹೊಟ್ಟೆಗೆ ಚುಚ್ಚಿ ಕೊಟ್ಟಿದ್ದರು. ಆಮೇಲೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು. ಒಂದು ತಂಡ ಬಾಯಿಯ ಮೂಲಕ ಕೊಟ್ಟಿತು, ಇನ್ನೊಂದು ಚುಚ್ಚಿಯೇ ಕೊಟ್ಟಿತು. ಇಬ್ಬರಿಗೂ ಅದು ಕಾಣಲಿಲ್ಲ. ಹಾಗಾಗಿ ಅದನ್ನು ಅಕ್ಕನ ತಲೆಗೆ ಹಾಕಬೇಡ. ಒಂದೇ ತಲೆಮಾರಿನಲ್ಲಿ ಕಂಡದ್ದು ಮಾತ್ರ ಮತ್ತೆ ಮತ್ತೆ, ಬೇರೆ ಬೇರೆ ಕಡೆ ಕಂಡಿದೆ.

ಈಗ ನಿಮ್ಮ ಪೊಟ್ಟಣಕ್ಕೆ ಬರುತ್ತೇನೆ ಅಮ್ಮ. ಮ್ಯಾಂಕೋಜೆಬ್ ಒಡೆದಾಗ ಎಥಿಲೀನ್ ಥಯೋಯೂರಿಯ, ಚಿಕ್ಕದಾಗಿ ಇಟಿಯು, ಎಂಬ ವಸ್ತು ಹುಟ್ಟುತ್ತದೆ. ಅದು ಥೈರಾಯ್ಡ್ ಗ್ರಂಥಿಯ ಕೆಲಸವನ್ನು ತಡೆಯುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿ. ಗಬ್ಬದ ಇಲಿಗಳಿಗೆ ಇಟಿಯು ಕೊಟ್ಟಾಗ ಮರಿಗಳ ಮಿದುಳಲ್ಲಿ ವೈಕಲ್ಯ ಕಂಡದ್ದು 1973ರಷ್ಟು ಹಿಂದೆಯೇ. ಅದೇ ಪ್ರಯೋಗದಲ್ಲಿ ಮೊಲಗಳಿಗೆ ಕೊಟ್ಟಾಗ ಅಂಥ ವೈಕಲ್ಯ ಕಾಣಲಿಲ್ಲ. ಒಂದು ಪ್ರಾಣಿಯಿಂದ ಇನ್ನೊಂದಕ್ಕೇ ಇಷ್ಟು ವ್ಯತ್ಯಾಸ. ಅಲ್ಲದೆ ಥೈರಾಯ್ಡ್ ವಿಷಯದಲ್ಲಿ ಇಲಿ ನಮಗಿಂತ ಸೂಕ್ಷ್ಮ.

ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಪೊಟ್ಟಣ ಒಡೆದು ಬಾಯಿ ಮಡಚಿ ಇಟ್ಟಿದ್ದರೆ, ನಮ್ಮ ಮಳೆಗಾಲದ ಥಂಡಿ ತಾಗಿ ಅದರೊಳಗೇ ಇಟಿಯು ಹೆಚ್ಚುತ್ತದೆ. ಹಳೆ ಪುಡಿ ಹೊಸದಕ್ಕಿಂತ ಕೆಟ್ಟದ್ದು.

ಕಾರ್ಬೆಂಡಜಿಮ್ ಬೂಸ್ಟಿನ ಜೀವಕೋಶ ಒಡೆದು ಎರಡಾಗುವುದನ್ನೇ ನಿಲ್ಲಿಸುವ ಮದ್ದು. ಜೀವಕೋಶ ಬೇಗ ಬೇಗ ಒಡೆಯುವ ಜಾಗ ನಮ್ಮಲ್ಲೂ ಉಂಟು. ಗಂಡಸಿನ ವೃಷಣ ಒಂದು, ಭ್ರೂಣ ಇನ್ನೊಂದು. ಗಂಡಿಲಿಗಳಲ್ಲಿ ವೃಷಣ ಸೊರಗುವುದು ಇದರ ಹೆಚ್ಚು ಪ್ರಮಾಣದಲ್ಲಿ ಚೆನ್ನಾಗಿ ಕಂಡುಬಂದ ಪರಿಣಾಮ. ಅಂದರೆ ಎಚ್ಚರಿಕೆ ಬೇಕಾದ್ದು ಸೊಸೆಗೆ ಮಾತ್ರ ಅಲ್ಲ, ಮಗನಿಗೂ.

ಬೆನೊಮಿಲ್ ಎಂಬ ಮದ್ದು ನೀರಿನಲ್ಲೂ ದೇಹದಲ್ಲೂ ಒಡೆದು ಕಾರ್ಬೆಂಡಜಿಮ್ ಆಗುತ್ತದೆ. ಭಾರತದಲ್ಲಿ 2018ರಲ್ಲಿ ಬೆನೊಮಿಲ್ ನಿಷೇಧವಾಯಿತು. ಅದು ಒಡೆದು ಆಗುವ ಕಾರ್ಬೆಂಡಜಿಮ್ ಮಾತ್ರ ಇನ್ನೂ ಅಂಗಡಿಯಲ್ಲಿದೆ. 2020ರ ಮೇಯಲ್ಲಿ ಸರಕಾರ ನಿಷೇಧಿಸಲು ಹೊರಟ 27 ಮದ್ದುಗಳ ಕರಡಿನಲ್ಲಿ ಕಾರ್ಬೆಂಡಜಿಮ್, ಮ್ಯಾಂಕೋಜೆಬ್ ಎರಡೂ ಇದ್ದವು. ನಿಮ್ಮ ಪೊಟ್ಟಣ ನೋಡಿದಾಗ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಇದೇ ಬೆನೊಮಿಲ್ ಮೇಲೆ 1982ರಲ್ಲಿ ಬಂದ ಪ್ರಯೋಗವೊಂದು ಸೊಸೆಗೆ ಸಮಾಧಾನ ಕೊಡಬಹುದು. ನಳಿಗೆಯಲ್ಲಿ ಒಮ್ಮೆಲೇ ಗಂಟಲಿಗೆ ಇಳಿಸಿದಾಗ ಮರಿಗಳ ಕಣ್ಣು ಚಿಕ್ಕದಾಗಿ ಹುಟ್ಟಿದವು. ಆಹಾರದಲ್ಲಿ ಬೆರೆಸಿ, ಅದಕ್ಕಿಂತ ಹೆಚ್ಚೇ ಹೊಟ್ಟೆಗೆ ಹೋಗುವಂತೆ ಕೊಟ್ಟರೂ ಆ ದೋಷ ಬರಲಿಲ್ಲ. ವಿಷ ಎಷ್ಟು ಅನ್ನುವುದರ ಜೊತೆ, ಒಂದೇ ಹೊತ್ತಿಗೆ ರಕ್ತದಲ್ಲಿ ಎಷ್ಟು ಏರಿತು ಅನ್ನುವುದೂ ಲೆಕ್ಕ.

ವಿಟ್ಲ ಅಡಿಕೆ ತೋಟ · ಜುಲೈ 10, ಬೆಳಿಗ್ಗೆ 6:30

ಮೇಡಂ, ಅಜೋಲ್ ಬಗ್ಗೆ ಇಲಿಯಲ್ಲಿ ಎಂತ ಕಂಡಿದೆ ಅಂತ ನೇರ ಹೇಳಿ. ನಮ್ಮ ತೋಟಕ್ಕೆ ಬರುವ ಹೆಂಗಸರು ಡ್ರಮ್ಮಿಗೆ ನೀರು ಹೊತ್ತು ಹಾಕಿ ಮದ್ದು ಕಲಸುವವರು. ಮೇಲೆ ದೋಟಿ ಹಿಡಿದು ಬಿಡುವಾಗ ಕೆಳಗೆ ನಿಂತವರ ತಲೆ ಮೇಲೆಯೇ ಬೀಳುವುದು. ಇಷ್ಟು ದಿನ ನಾನು ಅದನ್ನು ಯೋಚನೆ ಮಾಡಿದವನಲ್ಲ.

ಪ್ರಯೋಗಾಲಯದವಳು · ಜುಲೈ 10, ಮಧ್ಯಾಹ್ನ 1:40

ಅಣ್ಣ, ನೀವು ಹೀಗೆ ಕೇಳಿದ್ದು ದೊಡ್ಡ ಮಾತು.

ಡೆನ್ಮಾರ್ಕಿನ ತಂಡವೊಂದು 2007ರಲ್ಲಿ ಟೆಬುಕೊನಜೋಲ್ ಮತ್ತು ಎಪಾಕ್ಸಿಕೊನಜೋಲನ್ನು ಗಬ್ಬದ ಇಲಿಗಳಿಗೆ ಕೊಟ್ಟಿತು. ಎರಡರಲ್ಲೂ ಗಬ್ಬದ ಅವಧಿ ಉದ್ದವಾಯಿತು. ಹೆಣ್ಣು ಮರಿಗಳಲ್ಲಿ ಗಂಡಿನ ಲಕ್ಷಣದ ಕಡೆ ವಾಲಿದ ಅಳತೆ ಕಂಡಿತು. ಎಪಾಕ್ಸಿಕೊನಜೋಲಿನ ಹೆಚ್ಚು ಪ್ರಮಾಣದಲ್ಲಿ ಮರಿಗಳು ಗರ್ಭದಲ್ಲೇ ಸತ್ತವು. ಇಲಿಗೆ ಹೆರಿಗೆ ಆಗಬೇಕಾದರೆ, ಗಬ್ಬವನ್ನು ಹಿಡಿದಿಡುವ ಹಾರ್ಮೋನಾದ ಪ್ರೊಜೆಸ್ಟೆರಾನ್ ಇಳಿಯಬೇಕು. ಈ ಮದ್ದುಗಳಿಂದ ಅದು ಇಳಿಯದೆ ನಿಲ್ಲುತ್ತದೆ, ಹೆರಿಗೆ ಮುಂದೆ ಹೋಗುತ್ತದೆ.

ಇದನ್ನು ಹಾಗೇ ಎತ್ತಿ ಮನುಷ್ಯರಿಗೆ ಅನ್ವಯಿಸಲಾಗದು. ನಮ್ಮಲ್ಲಿ ಹೆರಿಗೆಗೆ ಮೊದಲು ರಕ್ತದ ಪ್ರೊಜೆಸ್ಟೆರಾನ್ ಹಾಗೆ ಇಳಿಯುವುದೇ ಇಲ್ಲ, ಮಾಸು ಅದನ್ನು ಕೊನೆಯವರೆಗೆ ತಯಾರಿಸುತ್ತಿರುತ್ತದೆ. ನಮ್ಮ ಮಾಸಿನಲ್ಲಿ ಅರೋಮಟೇಸ್ ಧಾರಾಳ, ಇಲಿಯದ್ದರಲ್ಲಿ ಇಲ್ಲ. ಎಪಾಕ್ಸಿಕೊನಜೋಲ್ ತಯಾರಿಸುವ ಕಂಪನಿಯವರೇ, ಮಾಸಿನ ವಿಷಯದಲ್ಲಿ ನಮಗೆ ಹತ್ತಿರವಾದ ಗಿನಿಪಿಗ್‌ಗಳಲ್ಲಿ ಮಾಡಿ ನೋಡಿ, ಅಂಥ ಗರ್ಭನಷ್ಟ ಕಾಣಲಿಲ್ಲ ಎಂದು ಪ್ರಕಟಿಸಿದ್ದಾರೆ. ಅದೂ ತೂಕದ ಮಾತೇ. ಆದರೆ ನನ್ನ ಲೆಕ್ಕ ಇದು: ಇಲಿಯ ಪ್ರಯೋಗ ನಮಗೆ ಎಷ್ಟು ಪ್ರಮಾಣಕ್ಕೆ ಏನು ಆಗುತ್ತದೆ ಎಂದು ಹೇಳದಿರಬಹುದು, ಮದ್ದು ಯಾವ ಬಾಗಿಲು ತಟ್ಟುತ್ತದೆ ಎಂದು ಸರಿಯಾಗಿ ಹೇಳುತ್ತದೆ. ಉಡುಪಿಯ ಔಷಧದಂಗಡಿಯವರು ಹೇಳಿದ ಲೆಟ್ರೊಜೋಲ್ ನಮ್ಮಲ್ಲೂ ಅದೇ ಬಾಗಿಲು ಇದೆ ಎನ್ನುವುದಕ್ಕೆ ಸಾಕ್ಷಿ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೆರಕೆ. ಡೆನ್ಮಾರ್ಕಿನಲ್ಲೇ 2012ರಲ್ಲಿ ಐದು ಶಿಲೀಂಧ್ರನಾಶಕಗಳನ್ನು ಸೇರಿಸಿ ಕೊಟ್ಟರು. ಮ್ಯಾಂಕೋಜೆಬ್, ಟೆಬುಕೊನಜೋಲ್ ಅದರಲ್ಲಿದ್ದವು. ಒಂದೊಂದನ್ನೂ ಒಂಟಿಯಾಗಿ ಕೊಟ್ಟರೆ ಏನೂ ಕಾಣದಷ್ಟು ಸಣ್ಣ ಪ್ರಮಾಣ. ಸೇರಿದಾಗ ಗಬ್ಬ ಉದ್ದವಾಯಿತು, ಮರಿಗಳು ಸತ್ತವು, ಗಂಡು ಮರಿಗಳ ಜನನಾಂಗದಲ್ಲಿ ದೋಷ ಕಂಡಿತು. ಪರವಾನಗಿ ಕೊಡುವಾಗ ನೋಡುವುದು ಮುಖ್ಯವಾಗಿ ಒಂದೊಂದನ್ನೇ. ತೋಟದಲ್ಲಿ ನಾವು ಬಿಡುವುದು ಒಂದರ ಮೇಲೊಂದು.

ಇನ್ನೊಂದು ಮಾತು ನಿಮ್ಮ ತೋಟಕ್ಕೆ ಉಪಯೋಗ ಆದೀತು. ಅಡಿಕೆಗೆ ಕೊಳೆರೋಗ ತರುವ ಫೈಟೋಫ್ತೊರಾ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ, ಅದು ತನ್ನ ಎರ್ಗೋಸ್ಟೆರಾಲ್ ತಾನು ಮಾಡಿಕೊಳ್ಳುವುದಿಲ್ಲ. ಹಾಗಾಗಿ ಕೊಳೆಗೆ ಅಂತ ಅಜೋಲ್ ಬಿಟ್ಟರೆ ರೋಗ ಹೋಗದು, ದುಡ್ಡು ಹೋಗುತ್ತದೆ, ಹೆಂಗಸರ ಮೈ ಮೇಲೆ ಮದ್ದು ಬೀಳುವುದೊಂದೇ ಉಳಿಯುತ್ತದೆ. ಕೊಳೆಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣವೇ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿದ ದಾರಿ ಇಂದಿಗೂ ನಡೆಯುತ್ತಿದೆ.

ವಿಟ್ಲ ಅಡಿಕೆ ತೋಟ · ಜುಲೈ 10, ಮಧ್ಯಾಹ್ನ 2:05

ಕಳೆದ ವರ್ಷ ಕೊಳೆಗೂ ಎಲೆಚುಕ್ಕಿಗೂ ಒಟ್ಟಿಗೆ ಆಗ್ತದೆ ಅಂತ ಹೇಳಿ ಒಬ್ಬರು ಕೊಟ್ಟದ್ದನ್ನು ಬಿಟ್ಟೆ, ಕೊಳೆ ಹೋಗ್ಲಿಲ್ಲ. ಈಗ ಅರ್ಥ ಆಯ್ತು. ಇನ್ನು ಮದ್ದು ಕಲಸುವುದು ನಾನೇ. ಬಿಡುವಾಗ ಹೆಂಗಸರನ್ನು ತೋಟದಿಂದ ಹೊರಗೆ ಕಳಿಸ್ತೇನೆ, ಅವತ್ತಿನ ಸಂಬಳ ಕೊಟ್ಟೇ.

ಕಾರ್ಕಳದ ನರ್ಸ್ ಅಕ್ಕ · ಜುಲೈ 10, ರಾತ್ರಿ 8:30

ಎಲ್ಲರೂ ಮರೆತದ್ದು ಒಂದುಂಟು: ಬಟ್ಟೆ. ಮದ್ದು ಬಿಟ್ಟು ಬಂದವರ ಅಂಗಿ ಲುಂಗಿ ತೊಳೆಯುವುದು ಯಾರು? ಹೆಂಡತಿ. ಒಗೆಯುವ ಕಲ್ಲಿನ ಮೇಲೆ, ಬರಿಗೈಯಲ್ಲಿ, ಮಗುವಿನ ಬಟ್ಟೆಯ ಜೊತೆಗೇ. ನಾನು ನೋಡಿದ ಎಷ್ಟೋ ಮನೆಗಳಲ್ಲಿ "ನಾನು ಮದ್ದು ಮುಟ್ಟುವುದೇ ಇಲ್ಲ" ಅನ್ನುವ ಬಸುರಿಯರು ವಾರಕ್ಕೆರಡು ಸಲ ಆ ಬಟ್ಟೆ ಒಗೆಯುತ್ತಾರೆ. ಬಿಟ್ಟವರೇ ಬಚ್ಚಲಿನ ಹೊರಗೆ ಬೇರೆ ಬಾಲ್ದಿಯಲ್ಲಿ ತೊಳೆಯಲಿ.

ಅಮ್ಮ, ಸೊಸೆಯನ್ನು ಮುಂದಿನ ಸಲ ಡಾಕ್ಟರಲ್ಲಿಗೆ ಕರ್ಕೊಂಡು ಹೋಗುವಾಗ ಪೊಟ್ಟಣದ ಫೋಟೋ ತೋರಿಸಿ. ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಆಗಿದೆಯಾ ಕೇಳಿ, ಆಗದಿದ್ದರೆ ಮಾಡಿಸಿ. ಅಯೋಡಿನ್ ಉಪ್ಪನ್ನೇ ಬಳಸಿ. ಐದನೇ ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ. ಮತ್ತೆ ಅವಳನ್ನು ಒಂಟಿ ಕೂರಲಿಕ್ಕೆ ಬಿಡಬೇಡಿ, ನಿದ್ದೆ ಇಲ್ಲದಿದ್ದರೆ ಅದೂ ತೊಂದರೆಯೇ.

ಕುಂದಾಪುರದ ಹುಡುಗ · ಜುಲೈ 10, ರಾತ್ರಿ 9:00

ನಾನು ಮೊದಲು ಬರೆದದ್ದು ಗೊತ್ತಿಲ್ಲದೆ ಬರೆದದ್ದು. ಅಜ್ಜಿಯ ಹತ್ತಿರ ಇವತ್ತು ಕೇಳಿದೆ. ಹುಟ್ಟಿದ್ದು ಎಂಟಲ್ಲ, ಹನ್ನೊಂದಂತೆ. ಮೂರು ಉಳಿಯಲಿಲ್ಲ. ಯಾಕೆ ಅಂತ ಆಗ ಯಾರೂ ಕೇಳಲೂ ಇಲ್ಲ ಅಂದ್ರು.

ಪ್ರಯೋಗಾಲಯದವಳು · ಜುಲೈ 10, ರಾತ್ರಿ 9:20

ಅದಕ್ಕೆ ಮದ್ದೇ ಕಾರಣ ಅಂತ ಹೇಳಲು ಬರುವುದಿಲ್ಲ ತಮ್ಮ, ಆ ಕಾಲದಲ್ಲಿ ನೂರು ಕಾರಣ ಇತ್ತು. ಅಜ್ಜಿಯ ಹತ್ತಿರ ಕೂತು ಕೇಳಿದೆಯಲ್ಲ, ಒಳ್ಳೆಯದು ಮಾಡಿದೆ.

ಶಂಕರಪುರದ ಮಲ್ಲಿಗೆಮನೆ · ಜುಲೈ 14, ಸಂಜೆ 5:45

ಎಲ್ಲವನ್ನೂ ಸೊಸೆಗೆ ಓದಿ ಹೇಳಿದೆ. ಬೆನೊಮಿಲ್ಲಿನ ಇಲಿಯ ಕಥೆಯನ್ನು ಎರಡು ಸಲ ಓದಿಸಿದಳು. ಟಿಎಸ್‌ಎಚ್ ಮಾಡಿಸಿದೆವು, ಸರಿ ಉಂಟಂತೆ. ಡಾಕ್ಟರು ಪೊಟ್ಟಣದ ಫೋಟೋ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡರು.

ಪುಡಿ ಇದ್ದದ್ದು ಎಲ್ಲಿ ಗೊತ್ತುಂಟಾ? ಅಡುಗೆಮನೆಯ ಹಿಂದಿನ ಅಟ್ಟದಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ. ಮಡಚಿದ ಬಾಯಿಯಲ್ಲಿ ಪುಡಿ ಗಟ್ಟಿಯಾಗಿ ಹೆಪ್ಪಾಗಿತ್ತು. ಅದನ್ನು ಡಬ್ಬಿಗೆ ಹಾಕಿ ಬೀಗ ಹಾಕಿ ಹೊರಗಿನ ಕೊಟ್ಟಿಗೆಯಲ್ಲಿ ಇಟ್ಟಿದ್ದಾನೆ ಮಗ. ಅದನ್ನು ಹೇಗೆ ಬಿಸಾಡುವುದು? ತೋಡಿಗೆ ಹಾಕುವ ಹಾಗಿಲ್ಲ ಅಂತ ಗೊತ್ತುಂಟು.

ಹೂ ಕಟ್ಟುವುದು ಈಗ ನಾನೇ. ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಳ್ತೇನೆ. ನಿಧಾನ ಆಗ್ತದೆ, ಬೆಳಿಗ್ಗೆ ಹೂ ಮಾರುವ ಕಟ್ಟೆಗೆ ಮುಟ್ಟುವಾಗ ಹೊತ್ತಾಗ್ತದೆ. ಬಾವಿಯ ಹತ್ತಿರದ ನಾಲ್ಕು ಗಿಡಕ್ಕೆ ಇನ್ನು ಮದ್ದಿಲ್ಲ, ಚುಕ್ಕೆ ಬಿದ್ದ ಎಲೆಯನ್ನು ನಾನು ಮಗ ಕೂತು ಕೈಯಲ್ಲೇ ಕೊಯ್ದು ತೆಗೆದಿದ್ದೇವೆ. ಏಳನೇ ತಿಂಗಳಲ್ಲಿ ಬಯಕೆಗೆ ಅವಳ ಜಡೆಗೆ ಆ ಗಿಡದ ಹೂವೇ ಸಾಕು.

ಪ್ರಯೋಗಾಲಯದವಳು · ಜುಲೈ 14, ರಾತ್ರಿ 8:10

ಡಬ್ಬಿಯನ್ನು ಹಾಗೇ ಬೀಗ ಹಾಕಿಯೇ ಇಡಿ ಅಮ್ಮ, ಸುಡಬೇಡಿ, ಹುಗಿಯಲೂ ಬೇಡ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ನಾನೇ ಇಲ್ಲಿ ಬರೆಯುತ್ತೇನೆ. ಅಟ್ಟದ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಸೋಪು ಹಾಕಿ ಒರೆಸಿ, ಆ ಬಟ್ಟೆಯನ್ನೂ ಡಬ್ಬಿಗೇ ಹಾಕಿ. ಒರೆಸುವುದು ಮಗ.